ಸುಮೋ ನೋಡಲು ಹೋದರೆ ಮೊದಲು ಕಾಲು ನೋಡಿ

ಟೋಕಿಯೊಗೆ ಕೆಲಸಕ್ಕೆಂದು ಬಂದ ನಮ್ಮವರು ಮೊದಲ ಸಲ ಸುಮೋ ನೋಡಿ ಬಂದು ಹೇಳುವ ಮಾತು ಹೆಚ್ಚೂಕಡಿಮೆ ಒಂದೇ: “ಉಪ್ಪು ಎರಚಿದ್ದೇ ಎರಚಿದ್ದು, ಕುಸ್ತಿ ಯಾವಾಗ ಆಯ್ತು ಅಂತಲೇ ಗೊತ್ತಾಗಲಿಲ್ಲ.” ಲೆಕ್ಕ ಹಾಕಿದರೆ ಆ ದೂರು ಸುಳ್ಳಲ್ಲ. ಮೇಲಿನ ದರ್ಜೆಯಲ್ಲಿ 42 ಪೈಲ್ವಾನರು, ಅಂದರೆ ದಿನಕ್ಕೆ ಹೆಚ್ಚೆಂದರೆ 21 ಜೋಡಿ. ಪ್ರತಿ ಜೋಡಿಯ ಸಿದ್ಧತೆಗೆ 4 ನಿಮಿಷದ ಅವಕಾಶ. ಕಾಳಗ ಬಹುಪಾಲು ಹತ್ತು ಹದಿನೈದು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಎರಡು ಗಂಟೆ ಕೂತವರ ಪಾಲಿಗೆ ನಿಜವಾದ ಹಣಾಹಣಿ ಸಿಗುವುದು ಐದಾರು ನಿಮಿಷ, ಅದರಲ್ಲೂ ಅರ್ಧ ಮೊಬೈಲ್ ತೆಗೆಯುವಷ್ಟರಲ್ಲಿ ಹೋಗಿರುತ್ತದೆ.

ದುಡ್ಡು ಕೊಟ್ಟು ಹೋದವರಿಗೆ ಹೀಗೆ ಅನ್ನಿಸುವುದಕ್ಕೆ ಎರಡು ಕಾರಣ. ಒಂದು, ಸಂಜೆ ನಾಲ್ಕರ ಮೇಲೆ ಹೋಗುತ್ತಾರೆ. ಎರಡು, ಹೊಟ್ಟೆ ಮತ್ತು ಕೈ ನೋಡುತ್ತಾ ಕೂರುತ್ತಾರೆ. ಸುಮೋ ಕಾಲಿನ ಆಟ. ಅಂಗಾಲು ಬಿಟ್ಟು ಮೈಯ ಬೇರೆ ಯಾವ ಭಾಗ ಮಣ್ಣು ಮುಟ್ಟಿದರೂ ಸೋಲು, ಕಾಲು ವೃತ್ತದಾಚೆ ಹೋದರೂ ಸೋಲು. ನಿಯಮ ಇಷ್ಟೇ. ಉಳಿದದ್ದೆಲ್ಲ, ಯಾರು ದೊಡ್ಡವರು, ಯಾರು ಚಿಕ್ಕವರು, ಯಾರಿಗೆ ಸಂಬಳ ಉಂಟು, ಯಾರಿಗಿಲ್ಲ ಎನ್ನುವುದರ ಸಮೇತ, ಕಾಲಿನಲ್ಲೇ ಬರೆದಿರುತ್ತದೆ.

ಮೊದಲು ಟಿಕೆಟ್ಟಿನ ಮಾತು. ವರ್ಷಕ್ಕೆ ಆರು ಪಂದ್ಯಾವಳಿ. 1958ರಿಂದ ಇದೇ ಕ್ರಮ. ಜನವರಿ, ಮೇ, ಸೆಪ್ಟೆಂಬರಿನವು ಟೋಕಿಯೊದ ಸುಮೋ ಸಭಾಂಗಣವಾದ ರ್ಯೋಗೊಕು ಕೊಕುಗಿಕಾನ್‌ನಲ್ಲಿ, ಮಾರ್ಚಿನದು ಒಸಾಕಾದಲ್ಲಿ, ಜುಲೈಯದು ನಗೋಯಾದಲ್ಲಿ, ನವೆಂಬರಿನದು ಫುಕುಓಕಾದಲ್ಲಿ. ಪ್ರತಿಯೊಂದೂ 15 ದಿನ, ಭಾನುವಾರ ಶುರುವಾಗಿ ಭಾನುವಾರಕ್ಕೆ ಮುಗಿಯುತ್ತದೆ. ಟಿಕೆಟ್ ಸುಮಾರು ಒಂದು ತಿಂಗಳು ಮೊದಲು ಮಾರಾಟಕ್ಕೆ ಬರುತ್ತದೆ. ಈಚಿನ ವರ್ಷಗಳಲ್ಲಿ ನೂಕುನುಗ್ಗಲು ಎಷ್ಟೆಂದರೆ, ಭಾನುವಾರದ್ದೇ ಬೇಕು ಎಂದು ಹಟ ಹಿಡಿದರೆ ಕೈಗೆ ಏನೂ ಸಿಗುವುದಿಲ್ಲ. ಹೊಸಬರಿಗೆ ಮೊದಲ ವಾರದ ನಡುದಿನಗಳೇ ಒಳ್ಳೆಯವು. ಆಗ ಯೊಕೊಜುನಾ, ಒಜೆಕಿಯಂಥ ಹಿರಿಯ ಪದವಿಯವರು ತಮಗಿಂತ ಕೆಳಗಿನವರನ್ನು ಎದುರಿಸುತ್ತಾರೆ. ಸಾಮಾನ್ಯ ಮಾಯೆಗಾಶಿರಾ ಪೈಲ್ವಾನನೊಬ್ಬ ಯೊಕೊಜುನಾನನ್ನು ಕೆಡವುವ ಸಾಧ್ಯತೆ ಆಗಲೇ ಹೆಚ್ಚು. ಹಾಗೆ ಗೆದ್ದರೆ ಅದನ್ನು ಕಿನ್‌ಬೊಶಿ, ಚಿನ್ನದ ನಕ್ಷತ್ರ, ಎನ್ನುತ್ತಾರೆ. ಕೊನೆಯ ಮೂರು ದಿನ ಕೆಳದರ್ಜೆಯ ಜೋಡಿಗಳು ಕಡಿಮೆಯಾಗುವುದರಿಂದ ಆಟ ತಡವಾಗಿ ಶುರುವಾಗುತ್ತದೆ. ಬೆಳಗಿನ ಸುಮೋ ನೋಡಬೇಕೆಂದಿದ್ದರೆ ಆ ದಿನಗಳು ಬೇಡ.

ಬೆಳಗಿನ ಸುಮೋ ಯಾಕೆ ನೋಡಬೇಕು? ಇಡೀ ರಾತ್ರಿಯ ಯಕ್ಷಗಾನ ನೋಡಿದವರಿಗೆ ಬೇಗ ಅರ್ಥವಾದೀತು. ಅಲ್ಲಿ ಮುಖ್ಯ ಪ್ರಸಂಗಕ್ಕೆ ಮೊದಲು ಪೂರ್ವರಂಗ ಇರುತ್ತದೆ. ಕೋಡಂಗಿ, ಬಾಲಗೋಪಾಲ ಎಂದು ಕಲಿಯುವ ಹುಡುಗರು ಗೆಜ್ಜೆ ಕಟ್ಟುವುದು ಆಗಲೇ. ಕೊಕುಗಿಕಾನ್‌ನಲ್ಲೂ ಬೆಳಿಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ, ಸುಮಾರು ಹನ್ನೊಂದು ಸಾವಿರ ಜನ ಹಿಡಿಸುವ ಕಟ್ಟಡದಲ್ಲಿ ಬೆರಳೆಣಿಕೆಯ ಪ್ರೇಕ್ಷಕರಿರುವಾಗ, ಹದಿನಾರು ಹದಿನೇಳರ ಹುಡುಗರು ಅದೇ ಕಟ್ಟೆಯ ಮೇಲೆ ಸೆಣಸುತ್ತಾರೆ. ಟಿಕೆಟ್ ಒಂದೇ, ಸಂಜೆ ಬಂದರೂ ಬೆಳಿಗ್ಗೆ ಬಂದರೂ ಅಷ್ಟೇ ದುಡ್ಡು.

ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿಕಸಾಯಿ ಕಡೆಯಿಂದ ಹೋಗುವವರಿಗೆ ದಾರಿ ಸುಲಭ. ತೋಝಾಯಿ ಲೈನಿನಲ್ಲಿ ಮೊನ್‌ಜೆನ್‌ನಕಾಚೊ ತನಕ ಬಂದು, ಅಲ್ಲಿ ಒಯೆದೊ ಲೈನಿಗೆ ಬದಲಾಯಿಸಿದರೆ ರ್ಯೋಗೊಕು ಮೂರನೇ ಸ್ಟೇಷನ್. ಜೆಆರ್ ಸೋಬು ಲೈನಿನಲ್ಲಿ ಬರುವವರು ಪಶ್ಚಿಮ ದ್ವಾರದಿಂದ ಹೊರಬಂದರೆ ಎದುರಿಗೇ ಹಸಿರು ಛಾವಣಿ ಕಾಣುತ್ತದೆ. ಮೊನ್‌ಜೆನ್‌ನಕಾಚೊದಲ್ಲಿ ಗಾಡಿ ಬದಲಾಯಿಸುವಾಗ ಅರ್ಧ ಗಂಟೆ ಕೈಯಲ್ಲಿದ್ದರೆ ಮೇಲೆ ಹತ್ತಿ ತೊಮಿಯೊಕಾ ಹಚಿಮಾನ್ ದೇವಾಲಯಕ್ಕೆ ಹೋಗಿಬನ್ನಿ. ದೇವಾಲಯದ ಕೆಲಸಗಳಿಗೆ ಹಣ ಕೂಡಿಸುವ ಸುಮೋ ಪಂದ್ಯಗಳಿಗೆ 1684ರಲ್ಲಿ ಸರ್ಕಾರದ ಅಪ್ಪಣೆ ಸಿಕ್ಕಿ, ಎದೋ (ಇಂದಿನ ಟೋಕಿಯೊ) ನಗರದಲ್ಲಿ ಅವು ವ್ಯವಸ್ಥಿತವಾಗಿ ನೆಲೆ ಕಂಡದ್ದು ಅಲ್ಲೇ. ಯೊಕೊಜುನಾಗಳ ಹೆಸರು ಕೆತ್ತಿದ ದೊಡ್ಡ ಕಲ್ಲು ಆ ಅಂಗಳದಲ್ಲಿದೆ.

ರ್ಯೋಗೊಕು ಸ್ಟೇಷನ್ನಿನಲ್ಲೇ ಪಾಠ ಶುರು. ಕಿರಿಯ ಪೈಲ್ವಾನರು ನಿಮ್ಮ ಹಾಗೆಯೇ ರೈಲಿನಲ್ಲಿ ಬರುತ್ತಾರೆ. ಅವರ ಪಾದರಕ್ಷೆ ನೋಡಿ. ತಳಮಟ್ಟದ ಎರಡು ದರ್ಜೆಗಳಾದ ಜೊನೊಕುಚಿ ಮತ್ತು ಜೊನಿದಾನ್‌ನವರು ಚಳಿಗಾಲದಲ್ಲೂ ತೆಳು ಹತ್ತಿಯ ಯುಕಾತಾ ಉಟ್ಟು, ಬರಿಗಾಲಿಗೆ ಮರದ ಗೇತಾ ಹಾಕಿಕೊಂಡು ಟಕಟಕ ನಡೆಯುತ್ತಾರೆ. ಒಂದು ದರ್ಜೆ ಮೇಲೇರಿ ಸಂದಾನ್ಮೆ ತಲುಪಿದವರಿಗೆ ಸೆತ್ತಾ ಎಂಬ ಚಪ್ಪಲಿ ಮೆಟ್ಟುವ ಹಕ್ಕು ಬರುತ್ತದೆ. ಅದರ ಮೇಲಿನ ಮಕುಶಿತಾದವರು ಚಳಿಗೆ ಕೋಟು ತೊಡಬಹುದು. ಜೂರ್ಯೊ ಮುಟ್ಟಿದ ಮೇಲೆಯೇ ಬಿಳಿ ತಾಬಿ ಕಾಲುಚೀಲ, ರೇಷ್ಮೆಯ ಮವಾಶಿ ಎಂಬ ಸೊಂಟಪಟ್ಟಿ, ತಿಂಗಳ ಸಂಬಳ. ಸುಮಾರು ಆರುನೂರು ಪೈಲ್ವಾನರಲ್ಲಿ ಸಂಬಳದವರು ಜೂರ್ಯೊದ 28 ಮತ್ತು ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಮಕುಉಚಿಯ 42, ಒಟ್ಟು 70 ಮಂದಿ. ಉಳಿದವರಿಗೆ ಊಟ, ವಸತಿ, ಒಂದಿಷ್ಟು ಭತ್ಯೆ, ಮತ್ತು ಮೇಲಿನವರ ಬಟ್ಟೆಬರೆ ಹೊರುವ ಸೇವೆ.

ಈ ಲೆಕ್ಕ ಗೊತ್ತಿದ್ದರೆ ದಿನದ ಅತಿ ಬಿಗಿಯಾದ ಕಾಳಗಗಳು ಎಲ್ಲಿವೆ ಎಂದು ಯಾರನ್ನೂ ಕೇಳಬೇಕಿಲ್ಲ. ಮಧ್ಯಾಹ್ನ ಎರಡೂಕಾಲು ಎರಡೂವರೆಯ ಸುಮಾರಿಗೆ ಜೂರ್ಯೊದವರು ಬಣ್ಣದ ಜರಿಯ ಏಪ್ರನ್ ತೊಟ್ಟು ಮೆರವಣಿಗೆಯಲ್ಲಿ ಬಂದು ಹೋದ ಮೇಲೆ, ಮಕುಶಿತಾದ ಕೊನೆಯ ಐದು ಜೋಡಿಗಳು ಉಳಿದಿರುತ್ತವೆ. ಇವರು ಸಂಬಳದ ಹೊಸ್ತಿಲಲ್ಲಿ ನಿಂತವರು. ಜೂರ್ಯೊದ ತಳದಲ್ಲಿ ಜಾರುತ್ತಿರುವವನನ್ನು ಕೆಲವೊಮ್ಮೆ ಇವರ ಮೇಲೇ ಬಿಡುತ್ತಾರೆ. ಗೆದ್ದವನಿಗೆ ಸ್ವಂತ ಕೋಣೆ, ಸೋತವನಿಗೆ ಮತ್ತೆ ಇನ್ನೊಬ್ಬರ ಬೆನ್ನು ಉಜ್ಜುವ ಕೆಲಸ. ಸಂಜೆಯ ಯೊಕೊಜುನಾ ಪಂದ್ಯಕ್ಕಿಂತ ಈ ಐದು ಜೋಡಿಗಳಿಗೆ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ.

ಕೆಳಗಿನವರು 15 ದಿನದಲ್ಲಿ 7 ಸಲ ಮಾತ್ರ ಆಡುತ್ತಾರೆ, ಸಂಬಳದವರು 15 ದಿನವೂ ಆಡುತ್ತಾರೆ. ಹದಿನೈದರಲ್ಲಿ 8 ಗೆದ್ದರೆ ಬಡ್ತಿಯ ದಾರಿ, 8 ಸೋತರೆ ಹಿಂಬಡ್ತಿ. ಕೊನೆಯ ದಿನ 7 ಗೆಲುವು 7 ಸೋಲಿನಲ್ಲಿ ನಿಂತವನ ಮುಖ ನೋಡಿದರೆ ಸಾಕು. ಇದೇ ಲೆಕ್ಕ ಹಿಂದೆ ಕೊಡುಕೊಳ್ಳುವ ವ್ಯವಹಾರಕ್ಕೂ ದಾರಿ ಮಾಡಿತ್ತು: ಮೊದಲೇ ಮಾತಾಡಿಕೊಂಡು ಸೋಲುವ ಹಗರಣ ಬಯಲಾಗಿ, 2011ರ ಮಾರ್ಚಿನ ಒಸಾಕಾ ಪಂದ್ಯಾವಳಿಯನ್ನೇ ರದ್ದು ಮಾಡಬೇಕಾಯಿತು. ಅಂದಿನ ಜೋಡಿಗಳ ಪಟ್ಟಿ ಒಂದು ಹಾಳೆಯಲ್ಲಿ ಪುಕ್ಕಟೆ ಸಿಗುತ್ತದೆ, ಕೊಕುಗಿಕಾನ್‌ನಲ್ಲಿ ಇಂಗ್ಲಿಷಿನದೂ ಇರುತ್ತದೆ. ಪೆನ್ನು ಒಯ್ಯಿರಿ. ಗೆಲುವಿಗೆ ಬಿಳಿ ಚುಕ್ಕೆ, ಸೋಲಿಗೆ ಕಪ್ಪು ಚುಕ್ಕೆ ಹಾಕುತ್ತಾ ಹೋದರೆ ಅಪರಿಚಿತ ಹೆಸರುಗಳು ಒಂದು ಗಂಟೆಯಲ್ಲಿ ಪರಿಚಯವಾಗುತ್ತವೆ.

ಜಾಗ ಆರಿಸುವುದರಲ್ಲೂ ವಿವೇಕ ಬೇಕು. ಕಟ್ಟೆಗೆ ಅಂಟಿಕೊಂಡ ಸಾಲುಗಳಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ನೂರೈವತ್ತು ಕಿಲೋ ಮೈಮೇಲೆ ಬಿದ್ದರೆ ಏನು ಗತಿ ಎಂಬುದೇ ಇದರ ಹಿಂದಿನ ಮುಖ್ಯ ಅಳುಕು, ಬೀಳುವುದೂ ಉಂಟು. ಅದರ ಹಿಂದೆ ಮಾಸು ಎಂಬ ಚೌಕಗಳು. ಒಂದೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚಿನ ಚದರದಲ್ಲಿ ನಾಲ್ಕು ದಿಂಬು, ನಾಲ್ಕು ಜನ. ಚಪ್ಪಲಿ ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ನಮಗೆ ಅಭ್ಯಾಸವಿದೆ ಎಂದು ಬೀಗಬೇಡಿ. ಮದುವೆ ಊಟದ ಪಂಕ್ತಿಯಲ್ಲಿ ಅರ್ಧ ಗಂಟೆ ಕೂರುವುದು ಬೇರೆ, ನಾಲ್ಕು ಗಂಟೆ ಕಾಲು ಚಾಚದೆ ಕೂರುವುದು ಬೇರೆ. ನಾಲ್ವರ ಚೌಕವನ್ನು ಮೂವರು ಕೂಡಿ ಕೊಂಡರೆ ಮಂಡಿಗಳು ಹರಸುತ್ತವೆ. ವಯಸ್ಸಾದ ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ಎರಡನೇ ಮಹಡಿಯ ಕುರ್ಚಿಯೇ ಸರಿ, ಜೊತೆಗೊಂದು ದುರ್ಬೀನು.

ದಿಕ್ಕೂ ಮುಖ್ಯ. ಉತ್ತರದ ಬದಿಯನ್ನು ಶೋಮೆನ್ ಅನ್ನುತ್ತಾರೆ, ಟಿವಿ ಕ್ಯಾಮೆರಾ ನೋಡುವುದು ಅಲ್ಲಿಂದ. ಪೂರ್ವದ ಪೈಲ್ವಾನ ಎಡಕ್ಕೆ, ಪಶ್ಚಿಮದವ ಬಲಕ್ಕೆ, ತೀರ್ಪುಗಾರ ನಿಮ್ಮ ಕಡೆ ಮುಖ ಮಾಡಿರುತ್ತಾನೆ. ಎದುರಿನ ದಕ್ಷಿಣದ ಬದಿಯಲ್ಲಿ ಕೂತರೆ ತೀರ್ಪುಗಾರನ ಬೆನ್ನು. ಪೂರ್ವ ಪಶ್ಚಿಮಗಳಲ್ಲಿ ಕೂತರೆ ಒಬ್ಬನ ಬೆನ್ನು ಇನ್ನೊಬ್ಬನನ್ನು ಪೂರ್ತಿ ಮುಚ್ಚಿಬಿಡುತ್ತದೆ, ಡಿಕ್ಕಿಯ ಸದ್ದು ಮಾತ್ರ ಕೇಳಿಸುತ್ತದೆ. ಶೋಮೆನ್ ಕಡೆಯ ಹಿಂದಿನ ಸಾಲು ಸಿಕ್ಕರೂ, ಪಶ್ಚಿಮದ ಮುಂದಿನ ಸಾಲಿಗಿಂತ ಲೇಸು.

ಇನ್ನು ಕಟ್ಟೆ, ಅಂದರೆ ದೊಹ್ಯೊ. ಒಂದೊಂದು ಬದಿ 6.7 ಮೀಟರಿನ ಮಣ್ಣಿನ ಜಗಲಿ, ಅದರ ಮೇಲೆ 4.55 ಮೀಟರ್ ವ್ಯಾಸದ ವೃತ್ತ. ಅರಾಕಿದಾ ಎಂಬ ಜೇಡಿಮಣ್ಣನ್ನು ಮೂರು ದಿನ ದಿಮ್ಮಸು ಹೊಡೆದು ಗಟ್ಟಿ ಮಾಡುತ್ತಾರೆ. ಯಂತ್ರವಿಲ್ಲ. ಸಂಜೆ ಬೀಸಣಿಗೆ ಹಿಡಿದು ರಾಗವಾಗಿ ಪೈಲ್ವಾನರ ಹೆಸರು ಕೂಗುವ ಯೊಬಿದಾಶಿಗಳೇ ಈ ಮಣ್ಣಿನ ಕೆಲಸದವರೂ ಹೌದು. ವೃತ್ತದ ಅಂಚಿಗೆ ಹೂಳುವ ಹುಲ್ಲಿನ ಮೂಟೆಗಳನ್ನು ಖಾಲಿ ಬಿಯರ್ ಬಾಟಲಿಯಿಂದ ತಟ್ಟಿ ತಟ್ಟಿ ಆಕಾರಕ್ಕೆ ತರುತ್ತಾರೆ. ನಡುವಿನ ಗುಂಡಿಯಲ್ಲಿ ಅಕ್ಕಿ, ಉಪ್ಪು, ಕೊಂಬು ಎಂಬ ಕಡಲಪಾಚಿ, ಒಣಗಿದ ಸ್ಕ್ವಿಡ್, ಚೆಸ್ಟ್‌ನಟ್, ಕಾಯಾ ಮರದ ಕಾಯಿ ಇಟ್ಟು ಮುಚ್ಚಿ ಪೂಜೆ ಮಾಡುತ್ತಾರೆ.

ಮೈಸೂರಿನ ಗರಡಿಮನೆ ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ಮಟ್ಟಿ ಕುಸ್ತಿಯ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ, ಗುದ್ದಲಿಯಿಂದ ಮಗುಚಿ ಮೆತ್ತಗೆ ಇಡುತ್ತಾರೆ. ಅಲ್ಲಿ ಬೀಳುವುದು ಆಟದ ಅರ್ಧ: ಮಂಡಿಯೂರಬಹುದು, ಬೋರಲು ಬಿದ್ದು ಕಾಯಬಹುದು, ಎದುರಾಳಿ ಚಿತ್ ಮಾಡುವ ತನಕ ಬದುಕಿದ್ದ ಹಾಗೆಯೇ. ದೊಹ್ಯೊದ ಮಣ್ಣು ಸಿಮೆಂಟಿನಷ್ಟು ಗಟ್ಟಿ, ಏಕೆಂದರೆ ಅದು ಬೀಳುವುದಕ್ಕೆ ಮಾಡಿದ್ದಲ್ಲ. ದಸರಾ ಕುಸ್ತಿ ನೋಡಿ ಬೆಳೆದ ಕಣ್ಣು ತಪ್ಪುವುದು ಇಲ್ಲೇ. “ಇನ್ನೂ ಮಂಡಿ ಮೇಲಿದ್ದಾನಲ್ಲ, ಮುಂದೇನು ಪಟ್ಟು ಹಾಕ್ತಾನೆ” ಎಂದು ಕಾಯುವಷ್ಟರಲ್ಲಿ ತೀರ್ಪಾಗಿ, ಇಬ್ಬರೂ ತಲೆಬಾಗಿ, ಒಬ್ಬ ಇಳಿದು ಹೋಗಿರುತ್ತಾನೆ. ಅರ್ಧ ಮೀಟರಿಗೂ ಮೇಲಿರುವ ಕಟ್ಟೆಯಿಂದ ಕೆಳಗೆ ಬೀಳುವವರ ಮಂಡಿ, ಭುಜಗಳ ಗತಿ ಪೈಲ್ವಾನರ ಬ್ಯಾಂಡೇಜುಗಳಲ್ಲಿ ಕಾಣುತ್ತದೆ.

ಈ ಕಟ್ಟೆಯ ಮೇಲೆ ಹೆಂಗಸರು ಕಾಲಿಡುವಂತಿಲ್ಲ. 2018ರ ಏಪ್ರಿಲಿನಲ್ಲಿ ಮೈಜುರು ಎಂಬ ಊರಿನಲ್ಲಿ, ಕಟ್ಟೆಯ ಮೇಲೆ ಭಾಷಣ ಮಾಡುತ್ತಿದ್ದ ಮೇಯರ್ ಕುಸಿದು ಬಿದ್ದಾಗ ಎದೆ ಒತ್ತಿ ಜೀವ ಉಳಿಸಲು ಹತ್ತಿದ ಮಹಿಳೆಯರಿಗೆ, ಧ್ವನಿವರ್ಧಕದಲ್ಲಿ “ಹೆಂಗಸರು ಕೆಳಗಿಳಿಯಿರಿ” ಎಂದು ಕೂಗಿದರು. ಸುಮೋ ಸಂಘದ ಅಧ್ಯಕ್ಷರು ಕ್ಷಮೆ ಕೇಳಿದರು, ನಿಯಮ ಹಾಗೇ ಉಳಿಯಿತು. ಗರ್ಭಗುಡಿಯ ಹೊಸ್ತಿಲಿನ ಜಗಳಗಳನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮಣ್ಣು ಎಷ್ಟೇ ಚಂದ ಕಂಡರೂ ಈ ಸಂಗತಿ ಮರೆಯುವಂಥದ್ದಲ್ಲ.

ಈಗ ಆ 4 ನಿಮಿಷ. ಇದಕ್ಕೊಂದು ಚರಿತ್ರೆಯಿದೆ. ಹಿಂದೆ ಸಿದ್ಧತೆಗೆ ಸಮಯದ ಮಿತಿಯೇ ಇರಲಿಲ್ಲ. ಇಬ್ಬರಿಗೂ ಉಸಿರು ಕೂಡಿದಾಗ ಏಳುತ್ತಿದ್ದರು. 1928ರ ಜನವರಿಯಲ್ಲಿ ರೇಡಿಯೊ ಪ್ರಸಾರ ಶುರುವಾದಾಗ, ಕಾರ್ಯಕ್ರಮ ಹೊತ್ತಿಗೆ ಮುಗಿಯಬೇಕಲ್ಲ ಎಂದು ಮೇಲಿನ ದರ್ಜೆಗೆ 10 ನಿಮಿಷದ ಗಡುವು ಹಾಕಿದರು. ಅದು ಕರಗುತ್ತಾ ಈಗ ಮಕುಉಚಿಗೆ 4, ಜೂರ್ಯೊಗೆ 3, ಕೆಳಗಿನವರಿಗೆ 2 ನಿಮಿಷಕ್ಕೆ ನಿಂತಿದೆ. ನಾವು ಉದ್ದವಾಯಿತು ಎಂದು ಗೊಣಗುವುದು ಕತ್ತರಿಸಿ ಉಳಿದದ್ದನ್ನು ನೋಡಿ.

ಆ ಹೊತ್ತಿನಲ್ಲಿ ಆಗುವುದಿಷ್ಟು. ಹೆಸರು ಕೂಗಿದ ಮೇಲೆ ಇಬ್ಬರೂ ಮೇಲೆ ಹತ್ತಿ ಶಿಕೊ ಹಾಕುತ್ತಾರೆ, ಅಂದರೆ ಒಂದು ಕಾಲನ್ನು ಬದಿಗೆ ಎತ್ತರಕ್ಕೆ ಎತ್ತಿ ಮಣ್ಣಿಗೆ ಅಪ್ಪಳಿಸುವುದು. ನಮ್ಮವರು ತೊಡೆ ತಟ್ಟಿದರೆ ಇವರು ನೆಲ ತಟ್ಟುತ್ತಾರೆ. ಎತ್ತಿದ ಕಾಲಿಗಿಂತ ನಿಂತ ಕಾಲನ್ನು ಗಮನಿಸಿ. ಅದು ನಡುಗಿದರೆ ಆ ಮಂಡಿಯಲ್ಲಿ ಏನೋ ಇದೆ. ಹಿಂದಿನ ಜೋಡಿಯಲ್ಲಿ ಗೆದ್ದವ ಬಾಯಿ ಮುಕ್ಕಳಿಸಲು ನೀರು ಕೊಡುತ್ತಾನೆ, ಸೋತವನ ಕೈಯ ನೀರು ನಡೆಯುವುದಿಲ್ಲ. ಆಮೇಲೆ ಉಪ್ಪು, ಕುಕ್ಕರಗಾಲಲ್ಲಿ ಕೂತು ಕೈ ಚಾಚಿ ಆಯುಧವಿಲ್ಲವೆಂದು ತೋರಿಸುವುದು, ಮತ್ತೆ ಉಪ್ಪು. ನಡುವೆ 70 ಸೆಂಟಿಮೀಟರ್ ಅಂತರದ ಎರಡು ಬಿಳಿ ಗೆರೆಗಳ ಹಿಂದೆ ಕೂತು ದುರುಗುಟ್ಟಿ, ಮತ್ತೆ ಎದ್ದು ಹೋಗುವುದು. ಸುತ್ತಿನಿಂದ ಸುತ್ತಿಗೆ ಪಾದಗಳ ನಡುವಿನ ಅಂತರ, ಹೆಬ್ಬೆರಳು ಮಣ್ಣನ್ನು ಕಚ್ಚುವ ರೀತಿ ಬದಲಾಗುತ್ತದೆ. ಉಪ್ಪಿನ ಬುಟ್ಟಿಯ ಹತ್ತಿರ ಸಹಾಯಕ ಟವೆಲ್ ಎತ್ತಿ ಕೊಟ್ಟರೆ ಗಡುವು ಮುಗಿಯಿತು ಎಂದರ್ಥ. ಪೈಲ್ವಾನ ಮುಖ ಒರೆಸಿಕೊಳ್ಳುತ್ತಾನೆ, ಸಭೆ ಭೋರ್ಗರೆಯುತ್ತದೆ. ಮೊಬೈಲ್ ಒಳಗಿಡಬೇಕಾದ್ದು ಆಗ. ನೆಚ್ಚಿನವನ ಹೆಸರು ಕೂಗುವುದಿದ್ದರೆ ಇಲ್ಲಿಯೇ ಕೂಗಿ ಮುಗಿಸಿ, ಇಬ್ಬರೂ ಕೈ ಊರುವಾಗ ಮಾತ್ರ ಬಾಯಿ ಮುಚ್ಚಿರಬೇಕು.

ನಾಲ್ಕೂ ಕೈ ಮಣ್ಣು ಮುಟ್ಟಿದ ಕ್ಷಣ ಎದ್ದು ಹಾಯುವುದಕ್ಕೆ ತಾಚಿಆಯಿ ಎಂದು ಹೆಸರು. ತೂಕದ ವರ್ಗಗಳಿಲ್ಲದ ಆಟದಲ್ಲಿ ನೂರಿಪ್ಪತ್ತು ಕಿಲೋದವನು ನೂರೆಂಬತ್ತು ಕಿಲೋದವನನ್ನು ಗೆಲ್ಲುವ ಗುಟ್ಟು ಇಲ್ಲಿದೆ: ಪಾದ ಎತ್ತದೆ, ಮಣ್ಣಿಗೆ ಸವರಿಕೊಂಡು, ಎದುರಾಳಿಯ ಸೊಂಟಕ್ಕಿಂತ ತನ್ನ ಸೊಂಟ ಕೆಳಗಿಟ್ಟು ನುಗ್ಗುವುದು. ಹೆಜ್ಜೆ ಎತ್ತಿದವನು ಹಗುರಾಗುತ್ತಾನೆ. ಗೆಲ್ಲುವ ಪಟ್ಟುಗಳು ಪಟ್ಟಿಯ ಪ್ರಕಾರ 82. ಆದರೆ ಹೆಚ್ಚು ಕಾಣುವವು ಎರಡೇ: ಮವಾಶಿ ಹಿಡಿದು ಎದೆಯಿಂದ ಒತ್ತಿ ಹೊರದಬ್ಬುವ ಯೊರಿಕಿರಿ, ಹಿಡಿಯದೆ ಅಂಗೈಯಿಂದ ತಳ್ಳುವ ಒಶಿದಾಶಿ. ಕೆನ್ನೆಗೆ ಹೊಡೆಯುವುದು ಸಮ್ಮತ, ಮುಷ್ಟಿ ಕಟ್ಟಿ ಗುದ್ದುವುದು, ಜುಟ್ಟು ಹಿಡಿಯುವುದು, ಕಣ್ಣು ಚುಚ್ಚುವುದು, ಹೊಟ್ಟೆಗೆ ಒದೆಯುವುದು ಸಲ್ಲ. ಅಂಚಿಗೆ ಬಂದವನ ಹಿಮ್ಮಡಿ ಹುಲ್ಲಿನ ಮೂಟೆಗೆ ತಾಗಿತೆಂದರೆ ಅದೇ ಅವನ ಕಡೆಯ ಆಸರೆ, ಅಲ್ಲಿಂದ ಮೈ ತಿರುಚಿ ಎಸೆಯಬಲ್ಲ. ನಾಲ್ಕು ದಿಕ್ಕಿನಲ್ಲಿ ಒಂದೊಂದು ಮೂಟೆ ಮಾತ್ರ ಒಂದಗಲ ಹಿಂದೆ ಸರಿದಿರುತ್ತದೆ. ಬಯಲಿನಲ್ಲಿ ಆಡುತ್ತಿದ್ದ ಕಾಲಕ್ಕೆ ಮಳೆನೀರು ಹರಿದುಹೋಗಲಿ ಎಂದು ಬಿಟ್ಟ ಕಿಂಡಿ ಅದು. ಅದರ ಮೇಲೆ ಕಾಲಿಟ್ಟವನಿಗೆ ಅಷ್ಟು ನೆಲ ಹೆಚ್ಚು ಸಿಗುತ್ತದೆ.

ವೃತ್ತದ ಹೊರಗೆ ನುಣುಪಾದ ಮರಳು ಹರಡಿ, ಪ್ರತಿ ಜೋಡಿಗೂ ಮುಂಚೆ ಪೊರಕೆಯಿಂದ ಗುಡಿಸುತ್ತಾರೆ. ಶುಚಿಯಷ್ಟೇ ಅಲ್ಲ, ಸಾಕ್ಷಿಯೂ ಅದೇ: ಹಿಮ್ಮಡಿ ತಾಗಿದರೆ ಗುರುತು ಉಳಿಯುತ್ತದೆ. ಸಂಶಯ ಬಂದರೆ ಕರಿಯ ಉಡುಪಿನ ಐವರು ನಿರ್ಣಾಯಕರು ಕಟ್ಟೆ ಹತ್ತಿ ಚರ್ಚಿಸುತ್ತಾರೆ. 1969ರ ಮಾರ್ಚಿನಲ್ಲಿ ಸತತ 45 ಗೆದ್ದಿದ್ದ ಯೊಕೊಜುನಾ ತಾಯ್‌ಹೊ, ತೊದಾ ಎಂಬವನೆದುರು ಹೀಗೆ ಚರ್ಚೆಯಾಗಿ ಸೋತ. ಮೊದಲು ಕಾಲು ಹೊರಗಿಟ್ಟವನು ತೊದಾ ಎಂದು ಆಮೇಲೆ ಚಿತ್ರಗಳಲ್ಲಿ ಕಂಡಿತು. ಮುಂದಿನ ಪಂದ್ಯಾವಳಿಯಿಂದಲೇ ವಿಡಿಯೊ ನೆರವು ಬಂತು. ಕ್ರಿಕೆಟ್ಟಿನಲ್ಲಿ ಮೂರನೇ ಅಂಪೈರ್ ಬರಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಕಿಯಿತ್ತು.

ತೀರ್ಪುಗಾರನ, ಅಂದರೆ ಗ್ಯೋಜಿಯ, ಕಾಲೂ ನೋಡಬೇಕು. ಬೆಳಿಗ್ಗೆಯವರು ಬಟ್ಟೆಯನ್ನು ಮಂಡಿ ತನಕ ಎತ್ತಿ ಕಟ್ಟಿದ ಬರಿಗಾಲಿನ ಹುಡುಗರು. ಜೂರ್ಯೊ ಹೊತ್ತಿಗೆ ಬಿಳಿ ತಾಬಿ ಬರುತ್ತದೆ. ಕೊನೆಯ ಜೋಡಿಗಳ ಹೊತ್ತಿಗೆ ತಾಬಿಯ ಮೇಲೆ ಹುಲ್ಲಿನ ಜೋರಿ ಚಪ್ಪಲಿ. ಅತ್ಯುನ್ನತ ಗ್ಯೋಜಿಯ ಸೊಂಟದಲ್ಲಿ ಕಿರುಗತ್ತಿಯೂ ಇರುತ್ತದೆ, ತೀರ್ಪು ತಪ್ಪಿದರೆ ಹೊಟ್ಟೆ ಸೀಳಿಕೊಳ್ಳಲು ಸಿದ್ಧ ಎಂಬ ಹಳೆಯ ಸಂಕೇತ. ಗಡಿಯಾರ ನೋಡದೆ ಹೊತ್ತು ಎಷ್ಟಾಯಿತೆಂದು ಈ ಕಾಲುಗಳಿಂದ ಹೇಳಬಹುದು.

ಊಟದ ವಿಷಯ ಚುಟುಕಾಗಿ. ಇಲ್ಲಿನ ಪ್ರಸಿದ್ಧ ತಿನಿಸು ಯಾಕಿತೊರಿ, ಕಟ್ಟಡದ ನೆಲಮಾಳಿಗೆಯಲ್ಲೇ ಸುಟ್ಟು ಪೆಟ್ಟಿಗೆಯಲ್ಲಿ ಮಾರುವ ಕೋಳಿ. ಕೋಳಿ ಎರಡು ಕಾಲಲ್ಲಿ ನಿಲ್ಲುತ್ತದೆ, ನಾಲ್ಕು ಕಾಲೂರಿದವನು ಸುಮೋದಲ್ಲಿ ಸೋತಂತೆ, ಅದಕ್ಕೇ ಕೋಳಿ ಶುಭ ಎನ್ನುತ್ತಾರೆ. ಸಸ್ಯಾಹಾರಿಗಳಿಗೆ ಎಡಮಾಮೆ ಎಂಬ ಬೇಯಿಸಿದ ಹಸಿ ಸೋಯಾ ಕಾಯಿ ಸಿಕ್ಕರೆ ಪುಣ್ಯ. ತರಕಾರಿಯಂತೆ ಕಂಡ ಸಾರಿನಲ್ಲೂ ಮೀನಿನ ರಸ ಇರುತ್ತದೆ. ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಹೊರಗಿನ ತಿಂಡಿ ಒಯ್ಯುವ, ನಡುವೆ ಹೊರಹೋಗಿ ಬರುವ ನಿಯಮಗಳನ್ನು ಟಿಕೆಟ್ ಕೊಳ್ಳುವಾಗಲೇ ಓದಿಕೊಳ್ಳಿ.

ಯೊಕೊಜುನಾ ಸೋತರೆ ಜನ ದಿಂಬುಗಳನ್ನು ಕಟ್ಟೆಯತ್ತ ತೂರುವ ಹಳೆಯ ಚಾಳಿಯಿದೆ. ಅದಕ್ಕೆ ಅನುಮತಿಯಿಲ್ಲ. ಪಕ್ಕದವರು ತೂರಿದರೂ ನೀವು ತೂರಬೇಡಿ, ತಲೆ ತಗ್ಗಿಸಿಕೊಳ್ಳಿ. ಆರು ಗಂಟೆಗೆ ಬಿಲ್ಲು ತಿರುಗಿಸುವ ಕುಣಿತ ಮುಗಿದು ಹೊರಗಿನ ಗೋಪುರದಿಂದ ಡೋಲು ಕೇಳಿಸುತ್ತಿದ್ದಂತೆ ಜೆಆರ್ ಸ್ಟೇಷನ್ ತುಂಬಿ ತುಳುಕುತ್ತದೆ. ಒಯೆದೊ ಲೈನಿನ ಕಡೆಗೆ ಐದು ನಿಮಿಷ ಹೆಚ್ಚು ನಡೆದರೆ ಉಸಿರಾಡುವಷ್ಟು ಜಾಗ ಇರುತ್ತದೆ.

ಹದಿನೈದನೇ ದಿನದ ಟಿಕೆಟ್ಟೇ ಸಿಕ್ಕಿದ್ದರೆ ಮಾತ್ರ ಬೇಗ ಏಳಬೇಡಿ. ಕಪ್, ಬಹುಮಾನಗಳ ಉದ್ದ ಸಮಾರಂಭ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಜನ ಹೋಗಿರುತ್ತಾರೆ. ಖಾಲಿಯಾಗುತ್ತಿರುವ ಸಭೆಯ ನಡುವೆ ಹೊಸದಾಗಿ ಸೇರಿದ ಹುಡುಗರು ಕಟ್ಟೆ ಹತ್ತಿ ಸಾಕೆ ಎಂಬ ಅಕ್ಕಿಯ ಮದ್ಯ ಹಂಚಿಕೊಂಡು, ಎಲ್ಲರ ಜೊತೆ ತಾಳಕ್ಕೆ ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ಒಬ್ಬ ಗ್ಯೋಜಿಯನ್ನು ಸುತ್ತುವರಿದು ಎತ್ತಿ ಮೇಲಕ್ಕೆ ಎಸೆಯುತ್ತಾರೆ. ಹದಿನೈದು ದಿನದ ಹಿಂದೆ ಮಣ್ಣಿಗೆ ಇಳಿಸಿದ್ದ ದೇವರನ್ನು ಕಳಿಸಿಕೊಡುವ ಕ್ರಮ ಇದು. ಎಸೆದಷ್ಟು ಸಲವೂ ಅವನ ಪಾದಗಳು ನೆಲ ಬಿಡುತ್ತವೆ.